ಗೆರೆಯ ದಪ್ಪದಲ್ಲಿ ಒಂದೂವರೆ ಮೈಲು

ನನ್ನ ಹಳೆಯ ಸಾಹೇಬರು ತೀರಿಕೊಂಡ ಸುದ್ದಿಯ ಕಾರ್ಡು ಬಾಗಲಕೋಟೆಯಿಂದ ಹೊರಟು, ನಾನು ಬಿಟ್ಟು ಆರು ವರ್ಷವಾದ ಹುನಗುಂದದ ವಿಳಾಸಕ್ಕೆ ಹೋಗಿ, ಅಲ್ಲಿ ಯಾರದೋ ಕಿಟಕಿಯ ಸಂದಿಯಲ್ಲಿ ಕೆಲವು ದಿನ ವಿಶ್ರಾಂತಿ ಪಡೆದು, ಬಾದಾಮಿಯಲ್ಲಿ ನನ್ನ ಕೈಸೇರುವಾಗ ಹದಿನೆಂಟು ದಿನ ಕಳೆದಿದ್ದವು. ಹದಿಮೂರನೆಯ ದಿನದ ಊಟವೂ ಮುಗಿದಿತ್ತು. ಅವರಿದ್ದಿದ್ದರೆ ಇದಕ್ಕೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಸುದ್ದಿ ಎಷ್ಟು ತಡವಾಗಿ ಬಂತೆಂಬುದನ್ನು ಬರೆದಿಟ್ಟುಕೊಂಡು, ಅದು ಎಷ್ಟು ದೂರದಿಂದ ಬಂದಿರಬಹುದೆಂದು ಲೆಕ್ಕ ಹಾಕುತ್ತಿದ್ದರು. ಇಪ್ಪತ್ತೆಂಟು ವರ್ಷ ಅವರು ಸಂಬಳ ತೆಗೆದುಕೊಂಡದ್ದು ಅದೇ ಕೆಲಸಕ್ಕೆ.

ಎಪ್ಪತ್ತರ ದಶಕದ ಕೊನೆಗೆ, ಹುನಗುಂದದ ಹೊರಗೆ ಒಂದು ಬಂಡೆಗಲ್ಲಿನ ದಿಬ್ಬದ ಮೇಲೆ ಭೂಕಂಪ ಅಳೆಯುವ ಸಣ್ಣ ಠಾಣೆಯಿತ್ತು. ಕೃಷ್ಣೆಗೆ ಅಣೆಕಟ್ಟು ಏಳುತ್ತಿದ್ದ ಕಾಲ. ನೀರು ನಿಂತರೆ ನೆಲ ಅಲುಗೀತೇ ಎಂಬ ಸಂಶಯ ಮೇಲಿನವರಿಗೆ ಬಂದು, ಅಲುಗುವ ಮೊದಲು ಹೇಗಿತ್ತು ಎಂದು ನೋಡಿಡಲು ಅಲ್ಲಲ್ಲಿ ಮೂರು ಠಾಣೆ ಮಾಡಿದ್ದರು. ನಮ್ಮದರಲ್ಲಿ ಎರಡು ಕೋಣೆ, ಅಂಗಳದಲ್ಲಿ ಬಂಡೆ ಕೊರೆದು ಮಾಡಿದ ಒಂದು ಗುಂಡಿ. ಗುಂಡಿಯಲ್ಲಿ ಕಂಪನ ಹಿಡಿಯುವ ಯಂತ್ರ. ಅಲ್ಲಿಂದ ಎರಡು ತಂತಿ ಒಳಗಿನ ಕೋಣೆಗೆ ಬರುತ್ತಿದ್ದವು. ಕೋಣೆಯಲ್ಲಿ ಕಾಗದ ಸುತ್ತಿದ ಒಂದು ಉರುಳೆ, ಅದರ ಮೇಲೆ ಹಗಲೂ ರಾತ್ರಿ ಗೆರೆ ಎಳೆಯುತ್ತಿದ್ದ ಒಂದು ಪೆನ್ನು. ಅವರು ಠಾಣೆಯ ಮುಖ್ಯಸ್ಥರು. ನಾನು ಎರಡನೆಯ ವೀಕ್ಷಕ. ಮೂರನೆಯವರು ಇರಲಿಲ್ಲ.

ಊರವರು ಅವರನ್ನು ನಡುಗು ಸಾಹೇಬ್ರು ಎನ್ನುತ್ತಿದ್ದರು. ಅವರನ್ನು ನೋಡಿದರೆ ಯಾರೂ ನಡುಗುತ್ತಿರಲಿಲ್ಲ. ಸಣಕಲು ಮೈ, ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು, ಕೋಟಿನ ಮೇಲುಜೇಬಿನಲ್ಲಿ ಬೆಣಚುಗಲ್ಲಿನಷ್ಟು ದಪ್ಪದ ಒಂದು ಭೂತಗನ್ನಡಿ. ಠಾಣೆಯ ಗೇಟಿನಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ನಡೆಯುತ್ತಿದ್ದರು. ಹೊಸಬರಿಗೆ ಇದು ಭಕ್ತಿಯಂತೆ ಕಾಣುತ್ತಿತ್ತು. ಅವರ ಮಾತಿನಲ್ಲಿ ಅದು ಹಿಮ್ಮಡಿಯ ದನಿ ಕಾಗದಕ್ಕೆ ಬೀಳದಿರಲಿ ಎಂದು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಒಳ್ಳೆಯ ಭೂಕಂಪವನ್ನು ಗುರುತಿಸಿ ರಜಿಸ್ಟರಿನಲ್ಲಿ ಬರೆದಿದ್ದೆ. ಅವರು ಕಾಗದವನ್ನೂ ಅಂಗಳವನ್ನೂ ನೋಡಿ ಬಂದು ಅದರ ಪಕ್ಕದಲ್ಲಿ ಎಮ್ಮೆ ಎಂದು ತಿದ್ದಿದರು. ಬೈಯಲಿಲ್ಲ.

ಅವರ ಕಷ್ಟ ಏನೆಂಬುದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಯಾರಾದರೂ ಠಾಣೆ ನೋಡಲು ಬಂದು, ಮೊನ್ನೆಯದು ಎಷ್ಟು ದೊಡ್ಡದಿತ್ತು ಸಾಹೇಬರೇ ಎಂದು ಕೇಳಿದರೆ ಅವರ ಮುಖ ಸಾಲ ಕೊಟ್ಟವನನ್ನು ಕಂಡಂತೆ ಆಗುತ್ತಿತ್ತು. ದೂರದ ದೊಡ್ಡದೂ ಹತ್ತಿರದ ಸಣ್ಣದೂ ಪೆನ್ನನ್ನು ಒಂದೇ ಅಳತೆಗೆ ಕುಣಿಸಬಲ್ಲವು. ನಡುವೆ ಕಪ್ಪು ಮಣ್ಣಿದ್ದರೆ ಕಂಪನ ಹಿಗ್ಗುತ್ತದೆ, ಬಂಡೆಯಿದ್ದರೆ ಕುಗ್ಗುತ್ತದೆ. ಯಂತ್ರಕ್ಕೂ ತನ್ನದೇ ಒಂದು ಸ್ವಭಾವವಿದೆ. ಇಷ್ಟೆಲ್ಲ ಕಳೆದು ಉಳಿದದ್ದು ಭೂಕಂಪ. ಕಳೆಯಬೇಕಾದದ್ದು ಎಷ್ಟು ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಇದನ್ನು ನನಗೆ ತಿಳಿಸಲು ಒಂದು ಭಾನುವಾರ ಬಾದಾಮಿಗೆ ಕರೆದುಕೊಂಡು ಬಂದರು. ಗುಡಿ ನೋಡುವುದಿರಬೇಕು ಎಂದುಕೊಂಡು ನಾನು ಹೆಂಡತಿಯಿಂದ ಬುತ್ತಿ ಕಟ್ಟಿಸಿಕೊಂಡಿದ್ದೆ. ಅವರು ಗುಡಿಯ ಕಡೆ ತಿರುಗಲೇ ಇಲ್ಲ. ಹೊಂಡದ ಈಚೆ ದಂಡೆಯ ಮೇಲೆ ಕೂರಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಆಚೆ ದಂಡೆಯಲ್ಲಿ ಹೆಂಗಸರು ಅರಿವೆ ಒಗೆಯುತ್ತಿದ್ದರು. ಬಡಿಯುವ ಸದ್ದು ನೀರ ಮೇಲಿಂದ ಒಮ್ಮೆ, ಕೆಂಪು ಗುಡ್ಡಕ್ಕೆ ತಾಗಿ ಮತ್ತೊಮ್ಮೆ ಬರುತ್ತಿತ್ತು.

“ಈಗ ಬಡದದ್ದು ಏನು? ಯಾರು?” ಎಂದರು.

ನಾನು ಯೋಚಿಸಿ, ಗಟ್ಟಿಮುಟ್ಟಾದ ಹೆಂಗಸು, ಹೊದೆಯುವ ದಪ್ಪನೆಯ ಕೌದಿ ಎಂದೆ. ಕಣ್ಣು ತೆಗೆಸಿದರು. ಒಂದು ಮುದುಕಿ ಕೂಸಿನ ಅಂಗಿ ಒಗೆಯುತ್ತಿದ್ದಳು. ಕೌದಿ ಬಡಿಯುತ್ತಿದ್ದ ಗಟ್ಟಿಮುಟ್ಟಾದ ಹೆಂಗಸು ಇನ್ನೂ ದೂರದಲ್ಲಿದ್ದಳು. ಅವಳ ಸದ್ದು ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ.

“ನೋಡು ತಮ್ಮಾ, ಇದಕ್ಕ ಸರಕಾರ ನಮಗ ಪಗಾರ ಕೊಡ್ತೈತಿ,” ಎಂದು ಅವರು ನನ್ನ ಬುತ್ತಿ ಬಿಚ್ಚಿದರು.

ದೂರ ಅಳೆಯುವುದು ಕೂಡ ಸಲೀಸಲ್ಲ. ನೆಲ ಅಲುಗಿದಾಗ ಒಂದು ಅಲೆ ಬೇಗ ಬರುತ್ತದೆ, ಇನ್ನೊಂದು ನಿಧಾನವಾಗಿ. ಎರಡರ ನಡುವಿನ ಅಂತರವೇ ದೂರದ ಲೆಕ್ಕ. ನಮ್ಮ ಉರುಳೆಯ ಮೇಲೆ ಒಂದು ಸೆಕೆಂಡು ಎಂದರೆ ಒಂದು ಮಿಲಿಮೀಟರು. ಪೆನ್ನಿನ ಗೆರೆಯೇ ಅದರ ಮೂರನೆಯ ಒಂದು ಪಾಲು ದಪ್ಪ. ಗೆರೆಯ ಈ ಅಂಚಿನಿಂದ ಅಳೆದರೆ ಒಂದು ಊರು, ಆ ಅಂಚಿನಿಂದ ಅಳೆದರೆ ಪಕ್ಕದ ಊರು. ಅವರು ಭೂತಗನ್ನಡಿ ಹಿಡಿದು, “ಈ ಗೆರಿ ದಪ್ಪದಾಗ ಒಂದೂವರೆ ಮೈಲು ಐತಿ,” ಎನ್ನುತ್ತಿದ್ದರು. ಮೂರು ಸಲ ಅಳೆದು ಮೂರನ್ನೂ ಬರೆಯುತ್ತಿದ್ದರು, ಒಂದನ್ನೂ ಹೊಡೆದುಹಾಕುತ್ತಿರಲಿಲ್ಲ. ಶ್ರಾವಣದ ಶನಿವಾರಗಳಲ್ಲಿ ತುಳಸಿಗೇರಿ ಹನುಮಪ್ಪನಿಗೆ ತಪ್ಪದೆ ಹೋಗುತ್ತಿದ್ದರು. ಏನು ಬೇಡಿಕೊಂಡಿರಿ ಎಂದು ಒಮ್ಮೆ ಕೇಳಿದೆ. ಇನ್ನಷ್ಟು ತೆಳ್ಳನೆಯ ಪೆನ್ನು ಎಂದರು.

ಇಂಥವರ ಹತ್ತಿರ ಒಮ್ಮೆ ತಹಶೀಲ್ದಾರರು ಒಂದೇ ದಿನದಲ್ಲಿ ಉತ್ತರ ಕೇಳಿದರು.

ಆದದ್ದು ಹೀಗೆ. ಒಂದು ಶನಿವಾರ ಬೆಳಗಿನ ಆರು ಗಂಟೆಯ ಸುಮಾರಿಗೆ ಇಳಕಲ್ಲಿನ ಕಲ್ಲು ಕ್ವಾರಿಗಳ ಕಡೆ ನೆಲ ಗುಡುಗಿ ಅಲುಗಿತು. ಕ್ವಾರಿಯ ಪಕ್ಕದ ಹಳ್ಳಿಯಲ್ಲಿ ಬೀರಪ್ಪ ದೇವರ ಒಕ್ಕಲಿನ ಒಬ್ಬ ಅಜ್ಜನ ಕುರಿಹಟ್ಟಿಯ ಗೋಡೆ ಬಿದ್ದು ಆರು ಮರಿ ಸತ್ತವು. ಕ್ವಾರಿಯಲ್ಲಿ ಕಲ್ಲು ಸಿಡಿಸುವ ಮದ್ದು ಹೊಡೆಯಲು ಪರವಾನಿಗಿ ಇದ್ದದ್ದು ಮಧ್ಯಾಹ್ನ ಹನ್ನೆರಡಕ್ಕೆ ಮಾತ್ರ. ಹೊತ್ತಲ್ಲದ ಹೊತ್ತಿನಲ್ಲಿ ಕಳ್ಳ ಮದ್ದು ಹೊಡೆದಿದ್ದಾರೆ ಎಂದು ಅಜ್ಜ ಕಚೇರಿಗೆ ಅರ್ಜಿ ಕೊಟ್ಟ. ಅಲ್ಲಿ ಮದ್ದು ಹೊಡೆಯುವವನು ಮೌಲಾಸಾಬ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿಯೂ ಹತ್ತು ಬೆರಳು ಉಳಿಸಿಕೊಂಡಿದ್ದವನು ಇಳಕಲ್ಲಿನಲ್ಲಿ ಅವನೊಬ್ಬನೇ. ತಾನು ಆ ಹೊತ್ತಿಗೆ ಮನೆಯಲ್ಲಿ ಮುಖ ತೊಳೆಯುತ್ತಿದ್ದೆ ಎಂದ. ಮುಖ ತೊಳೆದದ್ದಕ್ಕೆ ಸಾಕ್ಷಿ ಇರಲಿಲ್ಲ. ಅವನನ್ನು ಕೆಲಸದಿಂದ ನಿಲ್ಲಿಸಿದರು. ಅಪರಾಧ ಖಾತ್ರಿಯಾದರೆ ಪರವಾನಿಗಿ ಹೋಗುತ್ತದೆ. ಪರವಾನಿಗಿ ಕಳಕೊಂಡ ಮದ್ದಿನವನನ್ನು ಮತ್ತಾವ ಕ್ವಾರಿಯೂ ಒಳಗೆ ಬಿಡುವುದಿಲ್ಲ.

ಉಳಿದ ಎರಡು ಠಾಣೆಗಳಲ್ಲಿ ಅಂದು ಒಂದರ ಗಡಿಯಾರ ನಿಂತಿತ್ತು, ಇನ್ನೊಂದರ ಶಾಯಿ ಒಣಗಿತ್ತು. ನಮ್ಮ ಕಾಗದವೊಂದೇ ಸಾಕ್ಷಿ. ದೂರದ ಲೆಕ್ಕದಿಂದ ಏನೂ ಹೇಳುವಂತಿರಲಿಲ್ಲ. ಕ್ವಾರಿ, ಹಟ್ಟಿ, ಸುತ್ತಲಿನ ಹೊಲ ಎಲ್ಲವೂ ಗೆರೆಯ ದಪ್ಪದಲ್ಲೇ ಅಡಗಿದ್ದವು. ನಾವಿಬ್ಬರೂ ಹಳ್ಳಿಗೆ ಹೋಗಿ ಕೇಳಿದೆವು. ಕಪ್ಪು ಮಣ್ಣಿನ ಮೇಲೆ ಮನೆಯಿದ್ದವರು ಲೋಕವೇ ಮುಗಿಯಿತು ಅಂದುಕೊಂಡೆವು ಎಂದರು. ಬಂಡೆಯ ಮೇಲೆ ಮನೆಯಿದ್ದವರು ಏನೋ ಲಾರಿ ಹೋದಂತಾಯಿತು ಎಂದರು. ಸಾಹೇಬರು ಅಜ್ಜನನ್ನು, ಕುರಿಗಳು ಎದ್ದದ್ದು ಸದ್ದಿಗಿಂತ ಮೊದಲೋ ಆಮೇಲೋ ಎಂದು ಕೇಳಿದರು.

“ನಾ ಕುರಿ ಎಣಸಾಕತ್ತಿದ್ದೆ, ಸಾಹೇಬ. ಗಡಿಯಾರ ನೋಡ್ಲಿಲ್ಲ,” ಎಂದ ಅಜ್ಜ.

ಉಳಿದದ್ದು ಒಂದೇ ದಾರಿ. ಮದ್ದು ಸಿಡಿದರೆ ಅದು ನೆಲವನ್ನು ಎಲ್ಲ ಕಡೆಗೂ ಹೊರಗೆ ತಳ್ಳುತ್ತದೆ. ಹಾಗಾಗಿ ಎಲ್ಲಿ ಕುಳಿತು ನೋಡಿದರೂ ಪೆನ್ನು ಮೊದಲು ಮೇಲಕ್ಕೇ ಏಳಬೇಕು. ಭೂಕಂಪದಲ್ಲಿ ನೆಲದ ಎರಡು ಮಗ್ಗುಲುಗಳು ಒಂದನ್ನೊಂದು ಉಜ್ಜಿಕೊಂಡು ಸರಿಯುತ್ತವೆ. ಅದು ಒಂದು ಊರನ್ನು ತಳ್ಳುತ್ತದೆ, ಇನ್ನೊಂದು ಊರನ್ನು ಎಳೆಯುತ್ತದೆ. ಎಳೆದ ಊರಲ್ಲಿ ಪೆನ್ನು ಕೆಳಕ್ಕೆ ಇಳಿಯುತ್ತದೆ. ಶನಿವಾರದ ಕಾಗದದಲ್ಲಿ ಪೆನ್ನು ಮೊದಲು ಕೆಳಕ್ಕೆ ಇಳಿದಿತ್ತು. ಮೂರು ಸಲ ನೋಡಿದರು. ಮೂರು ಸಲವೂ ಕೆಳಕ್ಕೇ. ಸೋಮವಾರ ತಹಶೀಲ್ದಾರರು ಆಳು ಕಳಿಸಿ ಸಂಜೆಯೊಳಗೆ ಬೇಕು ಎಂದಾಗ, ಅವರು ಜೀವಮಾನದಲ್ಲಿ ಮೊದಲ ಸಲ ಸಂಶಯವಿಲ್ಲದೆ ಒಂದು ವಾಕ್ಯ ಬರೆದರು: ಇದು ಮದ್ದಿನದಲ್ಲ, ಭೂಕಂಪ. ಮಂಗಳವಾರ ಮಧ್ಯಾಹ್ನದ ಮೇಲೆ ಮೌಲಾಸಾಬ ಕೆಲಸಕ್ಕೆ ಮರಳಿದ.

ಇಲ್ಲಿ ನನ್ನ ಒಂದು ವಿಷಯ ಹೇಳಬೇಕು. ಆ ಶನಿವಾರದ ಎರಡು ದಿನ ಮುಂಚೆ, ಗುರುವಾರ ಸಂಜೆ, ಗುಂಡಿಯಿಂದ ಕೋಣೆಗೆ ಬರುವ ತಂತಿಗಳನ್ನು ಇಲಿ ಕಡಿದಿತ್ತು. ಹಳೆಯವು ಒಂದು ಕೆಂಪು, ಒಂದು ಕರಿ. ಹುನಗುಂದದ ಅಂಗಡಿಯಲ್ಲಿ ಸಿಕ್ಕದ್ದು ಹಳದಿ ಒಂದೇ. ಅಡಚಣೆಯಿಲ್ಲ, ಒಂದು ತಂತಿಯ ಎರಡೂ ತುದಿಗೆ ದಾರ ಕಟ್ಟಿ ಗುರುತು ಮಾಡಿಕೋ ಎಂದು ಸಾಹೇಬರು ಹೇಳಿದ್ದರು. ನಾನು ಎರಡೂ ತುದಿಗೆ ದಾರ ಕಟ್ಟಿದೆ. ಗುಂಡಿಯ ಕಡೆ ಒಂದು ತಂತಿಗೆ ಕಟ್ಟಿದೆ, ಕೋಣೆಯ ಕಡೆ ಇನ್ನೊಂದಕ್ಕೆ. ಶುಕ್ರವಾರ ಕ್ವಾರಿಗೆ ರಜೆ, ಆಮೇಲೆ ಅಜ್ಜನ ಅರ್ಜಿಯಿಂದಾಗಿ ಎಲ್ಲ ಕಡೆ ಮದ್ದೇ ನಿಂತಿತ್ತು. ಹಾಗಾಗಿ ಹೊಸ ತಂತಿಯ ಮೇಲೆ ಒಂದು ಮದ್ದೂ ಬಂದಿರಲಿಲ್ಲ.

ಬುಧವಾರ ಹನ್ನೆರಡಕ್ಕೆ ಮೌಲಾಸಾಬ ಮದ್ದು ಹೊಡೆದ. ನಮ್ಮ ಪೆನ್ನು ಕೆಳಕ್ಕೆ ಇಳಿಯಿತು.

ಸಾಹೇಬರು ಅದನ್ನು ಬರೆದಿಟ್ಟರು. ಕೂತು ರೊಟ್ಟಿ ತಿಂದರು. ಗುರುವಾರ ಹನ್ನೆರಡಕ್ಕೆ ಉರುಳೆಯ ಮುಂದೆ ಕೋಟಿನ ಗುಂಡಿ ಹಾಕಿಕೊಂಡು ನಿಂತರು. ಮತ್ತೆ ಕೆಳಕ್ಕೇ ಇಳಿಯಿತು. ಸಿಡಿದ ಮದ್ದು ನೆಲವನ್ನು ಎಳೆಯುವುದು ಸಾಧ್ಯವಿಲ್ಲ. ನನ್ನನ್ನು ಗುಂಡಿಗೆ ಕರೆದು, ದಾರ ಯಾವ ತಂತಿಗಿದೆ ಎಂದು ತೋರಿಸಿ, ಅದೇ ತಂತಿಯನ್ನು ಬೆರಳಲ್ಲಿ ಹಿಡಿದುಕೊಂಡು ಅಂಗಳ ದಾಟಿ ಕೋಣೆಯವರೆಗೆ ನಡೆದರು. ಅದರ ಆ ತುದಿಯಲ್ಲಿ ದಾರವಿರಲಿಲ್ಲ. ನನಗೆ ನೆಲ ನಿಜವಾಗಿಯೂ ಅಲುಗಿದಂತಾಯಿತು. ಅವರು ತಂತಿ ಬಿಚ್ಚಿ ಸರಿಮಾಡಿ, ಸರಿಮಾಡಿದ ಗಂಟೆ, ನಿಮಿಷ, ಸೆಕೆಂಡು ರಜಿಸ್ಟರಿನಲ್ಲಿ ಬರೆದರು. ಯಾರು ತಪ್ಪು ಜೋಡಿಸಿದ್ದರು ಎಂಬುದಕ್ಕೆ ಅಲ್ಲಿ ಜಾಗವಿತ್ತು. ಅದನ್ನು ಖಾಲಿ ಬಿಟ್ಟರು.

ತಂತಿ ಅದಲುಬದಲಾದರೆ ಪೆನ್ನು ತಲೆಕೆಳಗಾಗಿ ಬರೆಯುತ್ತದೆ. ಕೆಳಕ್ಕೆ ಇಳಿದದ್ದು ನಿಜವಾಗಿ ಮೇಲಕ್ಕೆ ಎದ್ದಿತ್ತು ಎಂದರೆ, ಶನಿವಾರದ್ದು ಮದ್ದೂ ಆಗಿರಬಹುದು.

“ಸಾಹೇಬ್ರ, ತಂತಿ ಸರಿ ಆತಲ್ರಿ. ಮೌಲಾಸಾಬನೂ ಕೆಲಸಕ್ಕ ಹೋಗ್ಯಾನ. ಬಿಟ್ಟುಬಿಡ್ರಿ,” ಎಂದೆ.

“ಅವ ಹೊಡದಿಲ್ಲ ಅಂತ ನಾ ಬರದುಕೊಟ್ಟೇನಿ ತಮ್ಮಾ. ನನಗದು ಗೊತ್ತಿಲ್ಲ,” ಎಂದರು.

ಮೊದಲಿನದನ್ನು ತಿದ್ದುವ ಕಾಗದ ಕಚೇರಿಗೆ ಮುಟ್ಟುವ ಮೊದಲು ಮೌಲಾಸಾಬನಿಗೆ ಹೇಳಬೇಕೆಂದು ಸಂಜೆಯ ಬಸ್ಸಿಗೆ ಇಳಕಲ್ಲಿಗೆ ಹೋದೆವು. ಅವನ ಹೆಂಡತಿ ಮಗ್ಗದಲ್ಲಿ ಸೀರೆಯ ಸೆರಗು ನೇಯುತ್ತಿದ್ದಳು. ನಮ್ಮನ್ನು ಕಂಡು ಮಗ್ಗ ನಿಲ್ಲಿಸಿ ಚಹಾ ಇಟ್ಟಳು. ಮೊದಲ ಕಾಗದ ಬರೆದುಕೊಟ್ಟವರಿಗೆ ಮಾಡಬೇಕಾದ ಉಪಚಾರವೆಲ್ಲ ಆಯಿತು. ಆಮೇಲೆ ಸಾಹೇಬರು ವಿಷಯ ಹೇಳಿದರು. ಮೌಲಾಸಾಬ ಮದ್ದಿಗೆ ತಂತಿ ಕಟ್ಟಿ ಕಟ್ಟಿ ಪಳಗಿದವನು, ಅವನಿಗೆ ಬಿಡಿಸಿ ಹೇಳುವುದೇನೂ ಬೇಕಾಗಲಿಲ್ಲ. ತಂತಿ ಯಾರು ಜೋಡಿಸಿದ್ದು ಎಂದಷ್ಟೇ ಕೇಳಿದ. ಠಾಣೆ ನನ್ನದು ಎಂದರು ಸಾಹೇಬರು. ನಾನು ಚಹಾದ ಬಟ್ಟಲಿನ ತಳ ನೋಡುತ್ತಿದ್ದೆ.

“ಹಂಗಾರ ಈಗ ಅದು ಮದ್ದು ಅಂತ ಆತೇನ್ರಿ?” ಎಂದ ಮೌಲಾಸಾಬ.

“ಇಲ್ಲ. ಮದ್ದು ಆದ್ರ ಪೆನ್ನು ಮ್ಯಾಲಕ್ಕ ಏಳಬೇಕು. ಮ್ಯಾಲಕ್ಕ ಎದ್ದದ್ದೆಲ್ಲಾ ಮದ್ದಲ್ಲ.”

“ಅಂದ್ರ?”

“ಅಂದ್ರ ಗೊತ್ತಿಲ್ಲ.”

ಮಗ್ಗದ ಕಡೆಯಿಂದ ಅವನ ಹೆಂಡತಿ, “ಗೊತ್ತಿಲ್ಲದ್ದನ್ನ ಬರದು ಕಳಸಾಕ ಬಸ್ ಚಾರ್ಜ್ ಕೊಟ್ಟು ಬಂದೀರೇನ್ರಿ?” ಎಂದಳು. ಸಾಹೇಬರು ಹೌದು ಎಂದರು.

ಮೌಲಾಸಾಬ ಚಹಾದ ಬಟ್ಟಲು ಕೆಳಗಿಟ್ಟ. ಆಮೇಲೆ ಹೇಳಿದ: “ನಾ ಹೊಡದಿಲ್ಲ ಅನ್ನೂದು ನನಗ ಗೊತ್ತೈತಿ. ನಿಮಗ ಗೊತ್ತಿಲ್ಲ. ಅಷ್ಟ ಬರೀರಿ. ಅದಕ್ಕಿಂತ ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ.”

ಮರುದಿನ ತಹಶೀಲ್ದಾರರು ಕಾಗದವನ್ನು ಎರಡು ಸಲ ಓದಿದರು. ಅವರು ಮೈಸೂರು ಕಡೆಯವರು. “ಏನ್ರೀ ಇದು? ಸೋಮವಾರ ಗೊತ್ತಿತ್ತು, ಶುಕ್ರವಾರ ಗೊತ್ತಿಲ್ಲ. ಓದುತ್ತಾ ಓದುತ್ತಾ ಕಮ್ಮಿ ಆಗುತ್ತೇನ್ರೀ ನಿಮ್ಮ ವಿದ್ಯೆ?” ಎಂದರು. ಕೆಲವು ಸಲ ಹಾಗಾಗುತ್ತದೆ ಎಂದು ಸಾಹೇಬರು ಒಪ್ಪಿಕೊಂಡರು.

ತಹಶೀಲ್ದಾರರು ಈ ಸಲ ಅರ್ಧಂಬರ್ಧ ಕೆಲಸ ಮಾಡಲಿಲ್ಲ. ಮೌಲಾಸಾಬನ ಪರವಾನಿಗಿ ತರಿಸಿಟ್ಟುಕೊಂಡರು. ಸುತ್ತಲಿನ ಕ್ವಾರಿಗಳಿಗೆಲ್ಲ ಮದ್ದು ಹೋಗುತ್ತಿದ್ದ ಒಂದೇ ದಾಸ್ತಾನಿನ ಕೋಠಿಗೆ ಬೀಗ ಹಾಕಿಸಿ, ಬೀಗಕ್ಕೆ ಅರಗಿನ ಮೊಹರು ಹೊಡೆಸಿ, ಹಗಲೂ ರಾತ್ರಿ ಒಬ್ಬ ಪೊಲೀಸನನ್ನು ಕೂರಿಸಿದರು. ಕ್ವಾರಿಗಳು ಸ್ತಬ್ಧವಾದವು. ಇಳಕಲ್ಲಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಸಾಹೇಬರಿಗೆ ಚಹಾ ತಡವಾಗಿ ಬರತೊಡಗಿತು, ಆಮೇಲೆ ತಣ್ಣಗೆ ಬರತೊಡಗಿತು. ಅವರು ಹೋಗುವುದನ್ನು ಬಿಡಲಿಲ್ಲ. ಮೌಲಾಸಾಬ ಕಲ್ಲು ಪಾಲಿಶ್ ಮಾಡುವಲ್ಲಿ ದಿನಗೂಲಿಗೆ ನಿಂತ. ಅವನ ಹಳೆಯ ಜೊತೆಗಾರರು ಅವನ ಮುಂದೆ ದನಿ ತಗ್ಗಿಸಿ ಮಾತಾಡತೊಡಗಿದರು. ಅದೇ ಅವನಿಗೆ ಎಲ್ಲಕ್ಕಿಂತ ಭಾರವಾಯಿತೆಂದು ಆಮೇಲೆ ಕೇಳಿದೆ. ತಪ್ಪು ನನ್ನದೆಂದು ತಹಶೀಲ್ದಾರರಿಗೆ ಹೇಳಿಬಿಡುತ್ತೇನೆ ಎಂದು ನಾನು ಎರಡು ಸಲ ಹೊರಟೆ. ಎರಡು ಸಲವೂ ಸಾಹೇಬರು ಶಾಯಿ ತುಂಬುವ ಕೆಲಸ ಹಚ್ಚಿದರು.

ಹೀಗೆ ಐದು ವಾರದ ಮೇಲೆ, ಒಂದು ಮಧ್ಯಾಹ್ನ ಮೂರರ ಸುಮಾರಿಗೆ, ನಾವಿಬ್ಬರೂ ಕೋಣೆಯಲ್ಲಿರುವಾಗಲೇ ಪೆನ್ನು ಮೇಲಕ್ಕೆ ಜಿಗಿದು ಗಡಗಡ ಆಡಿತು. ನಾನು ಕಾಗದಕ್ಕೆ ಬಾಗಿದೆ. ಸಾಹೇಬರು ಕಾಗದ ನೋಡಲಿಲ್ಲ. ಚಪ್ಪಲಿ ಮೆಟ್ಟಿ ರಸ್ತೆಗೆ ಓಡಿದರು. ಅವರು ಓಡಿದ್ದನ್ನು ನಾನು ಕಂಡದ್ದು ಆ ಒಂದೇ ಸಲ. ಕಾಗದದಲ್ಲಿ ಅದೂ ದಾಖಲಾಗಿದೆ. ಇಳಕಲ್ಲಿನ ಲಾರಿಯೊಂದಕ್ಕೆ ಕೈಮಾಡಿ ಹತ್ತಿ, ನೇರ ಮದ್ದಿನ ಕೋಠಿಗೆ ಹೋಗಿ, ಬೀಗ ಹಾಗೇ ಇದೆ, ಮೊಹರು ಒಡೆದಿಲ್ಲ, ಇಂದು ಎಲ್ಲಿಯೂ ಮದ್ದು ಹೊಡೆದಿಲ್ಲ ಎಂದು ಆ ಪೊಲೀಸನಿಂದ ಬರೆಸಿಕೊಂಡು, ಕೋಠಿಯ ಕಾವಲುಗಾರನ ಹೆಬ್ಬೆಟ್ಟೂ ಒತ್ತಿಸಿಕೊಂಡು ಬಂದರು. ಅದಾದ ಮೇಲೆ ಭೂತಗನ್ನಡಿ ತೆಗೆದರು.

ಮರುದಿನ ತಹಶೀಲ್ದಾರರ ಕೋಣೆಯಲ್ಲಿ ನಾವಿಬ್ಬರು, ಮೌಲಾಸಾಬ, ಕುರಿಯ ಅಜ್ಜ ಇಷ್ಟು ಜನ. ಸಾಹೇಬರು ಹೊಸ ಕಾಗದವನ್ನು ಕಿಟಕಿಯ ಗಾಜಿಗೆ ಹಿಡಿಯಲು ನನಗೆ ಕೊಟ್ಟರು. ಶನಿವಾರದ ಹಳೆಯ ಕಾಗದದ ತಲೆ ಕೆಳಗೆ ಬರುವಂತೆ ಬೆನ್ನು ಮುಂದೆ ಮಾಡಿ ಮಗುಚಿ ಅದರ ಮೇಲಿಟ್ಟರು. ಮಗುಚಿದರೆ ಮೇಲಿನದು ಕೆಳಗಾಗುತ್ತದೆ, ಕೆಳಗಿನದು ಮೇಲಾಗುತ್ತದೆ, ಕಾಲ ಮಾತ್ರ ಎಡದಿಂದ ಬಲಕ್ಕೇ ಉಳಿಯುತ್ತದೆ. ತಪ್ಪು ತಂತಿಯನ್ನು ಸರಿಮಾಡಿದಂತೆಯೇ. ಬಿಸಿಲು ಹಿಂದಿನಿಂದ ಬರುತ್ತಿತ್ತು. ಸಾಹೇಬರು ಹಳೆಯ ಕಾಗದವನ್ನು ಕೂದಲೆಳೆಯಷ್ಟು ಸರಿಸಿದರು. ಎರಡು ಗೆರೆಗಳು ಒಂದಾದವು. ಮೊದಲ ಜಿಗಿತ, ನಡುವಿನ ಸಣ್ಣ ನಡುಕ, ಕೊನೆಯಲ್ಲಿ ಎಮ್ಮೆ ಬಾಲ ಬೀಸಿದಂಥ ಒಂದು ಓಲಾಟ, ಎಲ್ಲವೂ ಕೂತವು. ತಹಶೀಲ್ದಾರರು ಎದ್ದು ಬಂದು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

ಎರಡೂ ಒಂದೇ ಜಾಗದಿಂದ, ಒಂದೇ ಬಗೆಯಲ್ಲಿ ಬಂದಿವೆ ಎಂದು ಸಾಹೇಬರು ಹೇಳಿದರು. ಬೇರೆ ಬೇರೆ ಕಡೆಯಿಂದ ಬಂದಿದ್ದರೆ ದಾರಿಯಲ್ಲಿ ಬೇರೆ ಬೇರೆ ಕಲ್ಲು ಮಣ್ಣು ಸಿಕ್ಕು ಗೆರೆ ಹೀಗೆ ಕೂಡುವುದಿಲ್ಲ. ಎರಡನೆಯದಕ್ಕೆ ಮದ್ದು ಇರಲಿಲ್ಲ, ನಿಮ್ಮ ಮೊಹರೇ ಸಾಕ್ಷಿ. ಆದ್ದರಿಂದ ಮೊದಲನೆಯದೂ ಮದ್ದಲ್ಲ.

“ಹಾಗಿದ್ರೆ ಭೂಕಂಪ ಅಂತ ಬರೀಲಾ? ಖಾತ್ರಿ ತಾನೇ?”

“ಬರೀರಿ. ಖಾತ್ರಿ.”

“ಎಷ್ಟು ದೊಡ್ಡದು?”

“ಗೊತ್ತಿಲ್ರಿ.”

“ಎಷ್ಟು ಆಳದಲ್ಲಿ?”

“ಗೊತ್ತಿಲ್ರಿ.”

ತಹಶೀಲ್ದಾರರು ಪೆನ್ನು ಕೆಳಗಿಟ್ಟು ಅವರನ್ನೇ ನೋಡಿ, ಮತ್ತೆ ಪೆನ್ನು ತೆಗೆದುಕೊಂಡು, ಗೊತ್ತಿದ್ದಷ್ಟನ್ನು ಬರೆದು, ಮೌಲಾಸಾಬನ ಪರವಾನಿಗಿಯನ್ನು ಮೇಜಿನ ಮೇಲೆ ಇಟ್ಟರು. ಕುರಿಯ ಅಜ್ಜ ಇದನ್ನೆಲ್ಲ ಗೋಡೆಗೆ ಒರಗಿ ಕೇಳುತ್ತಿದ್ದ. “ಹಂಗಾರ ನಾ ಯಾರ ಮ್ಯಾಲ ಸಿಟ್ಟಾಗ್ಲಿ?” ಎಂದ. ಮೌಲಾಸಾಬ ಎದ್ದು ಅಜ್ಜನ ಹೆಗಲ ಮೇಲೆ ಕೈಯಿಟ್ಟು, ಹಟ್ಟಿಯ ಗೋಡೆಗೆ ಒಳ್ಳೆಯ ಕಲ್ಲು ಕೊಡಿಸುತ್ತೇನೆ ಬಾ ಎಂದು ಹೊರಗೆ ಕರೆದುಕೊಂಡು ಹೋದ.

ಮಾರನೆಯ ದಿನ ಹನ್ನೆರಡು ಗಂಟೆಗೆ ಇಳಕಲ್ಲಿನ ಕಡೆಯಿಂದ ಮದ್ದಿನ ಸದ್ದು ಕೇಳಿಸಿತು. ಪೆನ್ನು ಮೇಲಕ್ಕೆ ಎದ್ದಿತು. ರಜಿಸ್ಟರಿನಲ್ಲಿ ಪ್ರತಿ ಕಂಪನದ ಮುಂದೆ ‘ಮೂಲ’ ಎಂಬ ಒಂದು ಅಂಕಣವಿತ್ತು. ನಾನು ಸೇರಿದ ದಿನದಿಂದ, ಆ ಎಮ್ಮೆಯೊಂದನ್ನು ಬಿಟ್ಟರೆ, ಅವರು ಅದರಲ್ಲಿ ಅನಿಶ್ಚಿತ ಎಂದೇ ಬರೆದದ್ದನ್ನು ನೋಡಿದ್ದೆ. ಅಂದು ಬರೆದರು: ಮೌಲಾಸಾಬ, ಇಳಕಲ್. ಅದರ ಮರುದಿನವೂ ಅದನ್ನೇ ಬರೆದರು.

ಎರಡು ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ, ಮೂಲದ ಅಂಕಣದಲ್ಲಿ ವ್ಯಕ್ತಿಗಳ ಹೆಸರು ಬರೆಯುತ್ತಿರುವುದಕ್ಕೆ ಕಾರಣ ತಿಳಿಸಿ ಎಂದು ಪತ್ರ ಬಂತು. ಸಾಹೇಬರು ಉತ್ತರವನ್ನು ನನ್ನ ಕೈಯಲ್ಲೇ ಬರೆಸಿದರು. ಆ ಅಂಕಣದಲ್ಲಿ ಖಾತ್ರಿಯಾಗಿ ಗೊತ್ತಿರುವುದನ್ನು ಮಾತ್ರ ಬರೆಯಬೇಕೆಂದು ನಿಯಮವಿರುವುದರಿಂದ, ಎಂದು ಹೇಳಿ, ಸಹಿ ಮಾಡಿ, ಊಟಕ್ಕೆ ಎದ್ದರು.